ಮಳೆಗಾಲದಲ್ಲಿ ಕಡಲು ನೋಡಿ ಬಂದವರು

ಕಡಲನ್ನು ಪರಿಶೀಲಿಸಲು ಹೊರಟವರು ನಮ್ಮ ಮನೆಗೆ ಬಂದು ಉಂಡು ಮಲಗಿ ಎದ್ದು ಹೋದರು. ಅಲ್ಲಿಂದಾಚೆಗೆ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಬಿತ್ತು. ಇದನ್ನು ಯಾರಿಗೆ ಹೇಳಿದರೂ, ‘ಶನಿವಾರಸಂತೆಗೂ ಕಡಲಿಗೂ ಎಲ್ಲಿಂದೆಲ್ಲಿಗೆ ಸಂಬಂಧ?’ ಎಂದು ನಗುತ್ತಾರೆ. ನಗಲಿ. ಹಾಗೆ ನಕ್ಕವರನ್ನು ನಾನು ಒಂದು ಶಾಮಿಯಾನದ ತುಂಬ ನೋಡಿ ಬಂದಿದ್ದೇನೆ.

ಶನಿವಾರಸಂತೆಯ ಆಚೆ ನಮ್ಮದೊಂದು ಸಣ್ಣ ಕಾಫಿ ತೋಟ. ಮಹಡಿಯ ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ತೋಟ ನಮ್ಮ ಮನೆಯವರದು. ಅಡುಗೆ, ಅತಿಥಿ, ಜಗಳ ಇವೆಲ್ಲ ನನ್ನ ಇಲಾಖೆ. ಹಿತ್ತಿಲ ಕಡೆ ಇನ್ನೊಂದು ಕೋಣೆ ಇದೆ. ಅದನ್ನು ಅತಿಥಿಗಳಿಗೆ ಕೊಡುವುದಿಲ್ಲ. ಜೂನ್ ಬಂತೆಂದರೆ ಅದು ಒಣಮೀನು ಮಾರುವವಳ ಕೋಣೆ.

ಅವಳು ಘಟ್ಟದ ಕೆಳಗಿನವಳು, ಕಡಲ ಬದಿಯವಳು. ನನಗಿಂತ ಸ್ವಲ್ಪ ಚಿಕ್ಕವಳು. ದೋಣಿಗೆ ಹೋಗುತ್ತಿದ್ದ ಗಂಡ ತೀರಿಕೊಂಡ ಮೇಲೂ ಮೀನು ಬಿಟ್ಟವಳಲ್ಲ. ದೀಪಾವಳಿಯಿಂದ ಮೇ ತಿಂಗಳವರೆಗೆ ಮನೆಯ ಮುಂದಿನ ಮರಳಲ್ಲಿ ಹಳೆಯ ಬಲೆ ಹಾಸಿ, ಸಿಗಡಿ, ಬಂಗುಡೆ, ಪುಟ್ಟ ಕೊಲ್ಲತರು ಮೀನು ಎಂದು ಸಿಕ್ಕಿದ್ದನ್ನೆಲ್ಲ ಒಣಗಿಸುತ್ತಾಳೆ. ಮಳೆ ಹತ್ತಿರ ಬಂದಾಗ ಅವಳೂ ಅವಳ ಜೊತೆಯ ಹೆಂಗಸರೂ ಗೂಟ ಕಿತ್ತು, ಬಲೆ ಮಡಚಿ, ತೆಂಗಿನ ಮಡಲಿನ ಚಪ್ಪರ ಬಿಚ್ಚಿಡುತ್ತಾರೆ. ಬಿಚ್ಚದಿದ್ದರೆ ಕಡಲು ಎಳೆದುಕೊಂಡು ಹೋಗುತ್ತದಂತೆ. ಆಮೇಲೆ ಚೀಲ ಹೊತ್ತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಘಟ್ಟ ಹತ್ತುತ್ತಾರೆ. ಮಳೆಯಲ್ಲಿ ನಮಗೂ ಒಣಮೀನು ಬೇಕು, ಅವರಿಗೂ ಆಗ ಕಡಲಲ್ಲಿ ಕೆಲಸವಿಲ್ಲ. ಇವಳ ಪಾಲಿಗೆ ಬಂದದ್ದು ಸೋಮವಾರಪೇಟೆ, ಶನಿವಾರಸಂತೆಯ ಸಂತೆಗಳು. ಮಳೆಗಾಲ ಪೂರ್ತಿ ನಮ್ಮ ಹಿತ್ತಿಲ ಕೋಣೆಯಲ್ಲಿದ್ದು ಸಂತೆ ಸುತ್ತುತ್ತಾಳೆ. ನಾನು ಅವಳಿಗೆ ಅಕ್ಕ, ಅವಳು ನನಗೆ ಮಾರಾಯ್ತಿ. ಹೀಗೆ ಕರೆದುಕೊಂಡು ಅದೆಷ್ಟು ಮಳೆಗಾಲ ಕಳೆದೆವೋ.

ಅಂಥದೊಂದು ಜುಲೈನಲ್ಲಿ ಆ ತಂಡ ಬಂತು. ಕನ್ನಡಕದ ಒಬ್ಬ ಹಿರಿಯ, ಲ್ಯಾಪ್‌ಟಾಪ್ ಹಿಡಿದ ಇಬ್ಬರು ಕಿರಿಯರು. ಕಡಲೊಳಗೆ ಗಾಳಿಯಂತ್ರ ನೆಡುವ ಯೋಜನೆಯಂತೆ. ಅದರಿಂದ ಊರಿಗೆ, ನೀರಿಗೆ, ಮೀನಿಗೆ ಏನು ತೊಂದರೆ ಎಂದು ನೋಡಿ ವರದಿ ಕೊಡುವುದು ಇವರ ಕೆಲಸವಂತೆ. ಕಂಪನಿಯವರು ನೇಮಿಸಿದ ಜನ. ದಡ ನೋಡಿ ಮುಗಿಸಿದ್ದರು. ಅಲ್ಲಿ ಮಳೆಗಾಳಿಗೆ ನಿಲ್ಲಲಾಗದೆ, ಕೂತು ಬರೆಯಲು ತಣ್ಣನೆಯ ಜಾಗ ಹುಡುಕಿಕೊಂಡು ಮೇಲೆ ಬಂದಿದ್ದರು. ಬಂದ ಕೂಡಲೇ ಹಿರಿಯರು ಮೂಗಿಗೆ ಕರವಸ್ತ್ರ ಹಿಡಿದು, “ಏನು ಮೇಡಂ, ವಾಸನೆ?” ಎಂದರು.

“ಒಣಮೀನು ಸ್ವಾಮಿ. ಮಧ್ಯಾಹ್ನ ತಟ್ಟೆಗೆ ಬಂದಾಗ ವಾಸನೆ ಅನ್ನಲ್ಲ, ಪರಿಮಳ ಅಂತೀರ” ಎಂದೆ.

ಹಾಗೇ ಆಯಿತು. ಅಕ್ಕಿ ರೊಟ್ಟಿಗೆ ಒಣಸಿಗಡಿ ಚಟ್ನಿ ಹಾಕಿದ್ದೆ. ಹಿರಿಯರು ಮೂರು ಸಲ ಹಾಕಿಸಿಕೊಂಡರು, ಬೆರಳು ನೆಕ್ಕಿದರು, ಕಿರಿಯರಲ್ಲೊಬ್ಬಳು ತಟ್ಟೆಯ ಫೋಟೋ ತೆಗೆದಳು. ಈ ಸಿಗಡಿ ಒಣಗಿಸಿದವಳನ್ನು ತೋರಿಸೋಣ ಎಂದು ನಾನೇ ಹಿತ್ತಿಲಿಂದ ಅವಳನ್ನು ಕರೆದೆ. ಮಳೆಗೆಂದು ತಲೆಯ ಮೇಲೆ ಹೊದ್ದ ಗೊರಬನ್ನು ಬಾಗಿಲಲ್ಲಿಟ್ಟು ಒಳಗೆ ಬಂದಳು. ಅವರು ಹೋಗಿ ಬಂದದ್ದು ಯಾವ ದಡಕ್ಕೆ ಎಂದು ಕೇಳಿದಳು. ಹೇಳಿದರು. ಅವಳ ಮುಖ ಅರಳಿತು.

“ನಮ್ಮದೇ ಊರಲ್ವಾ! ಹೇಗುಂಟು ಸಾರ್?”

“ಬೀಚ್ ಬಹಳ ಚೆನ್ನಾಗಿದೆಯಮ್ಮ. ಒಂದು ನರಪಿಳ್ಳೆ ಇಲ್ಲ. ಪೂರ್ತಿ ಖಾಲಿ.”

ಅವಳು ಸೆರಗು ಬಾಯಿಗಿಟ್ಟು ನಕ್ಕಳು. “ಈಗ ಯಾರು ಇರ್ತಾರೆ ಸಾರ್ ಅಲ್ಲಿ? ಮೀನು ನಿಮ್ಮ ತಟ್ಟೆಯಲ್ಲಿ ಉಂಟು, ನಾನು ಇಲ್ಲಿ ನಿಂತಿದ್ದೇನೆ. ದೀಪಾವಳಿ ಕಳೆದು ಬನ್ನಿ, ಕಾಲಿಡ್ಲಿಕ್ಕೆ ಜಾಗ ಸಿಗುದಿಲ್ಲ ನಿಮಗೆ.”

ಅವರೂ ನಕ್ಕರು. ಚೆನ್ನಾಗಿ ಮಾತಾಡುತ್ತೀಯಮ್ಮ ಎಂದರು. ಹೋಗುವಾಗ ಹಿರಿಯರು ನನಗೆ ತಮ್ಮ ಕಾರ್ಡು ಕೊಟ್ಟು, ಅವಳ ಹತ್ತಿರ ಸಿಗಡಿ ಕಟ್ಟಿಸಿಕೊಂಡು ಹೋದರು. ಇಷ್ಟು ನನ್ನ ಕಣ್ಣೆದುರು ನಡೆದದ್ದು. ಯಾರೋ ಹೇಳಿದ್ದಲ್ಲ.

ಫೆಬ್ರವರಿಯಲ್ಲಿ ಅವಳ ಫೋನ್ ಬಂತು. ಯೋಜನೆಯ ಬಗ್ಗೆ ಅವರೂರಿನಲ್ಲಿ ಅಹವಾಲು ಸಭೆ ಇದೆ, ವರದಿಯ ಸಾರಾಂಶವನ್ನು ಪಂಚಾಯಿತಿಯಲ್ಲಿಟ್ಟಿದ್ದಾರೆ, ಅವಳ ಸೊಸೆ ಓದಿಕೊಂಡು ಬಂದಿದ್ದಾಳೆ. “ಅಕ್ಕ, ಕಡಲಿಂದ ಬರುವ ಕರೆಂಟಿನ ಕೇಬಲ್ ನಾವು ಮೀನು ಹಾಕುವಲ್ಲಿಯೇ ಮೇಲೆ ಬರುದಂತೆ. ಸಬ್‌ಸ್ಟೇಷನ್ ಕೂಡ ಅಲ್ಲಿಯೇ. ಯಾಕಂತ ಕೇಳಿದ್ರೆ ಅದು ಖಾಲಿ ಜಾಗ ಅಂತೆ. ಯಾರೂ ಉಪಯೋಗಿಸುದಿಲ್ಲ ಅಂತ ಬರ್ದಿದ್ದಾರಂತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ತಿಂದ ಬಾಯಿ ಅದು! “ನಾನೇ ಬರ್ತೀನಿ ಕಣೆ, ನೀನು ಸುಮ್ನಿರು” ಎಂದೆ. ಕಾಫಿ ಪಿಕಿಂಗ್ ಸಮಯದಲ್ಲಿ ಮನೆ ಬಿಟ್ಟು ಹೋಗುತ್ತೀಯಾ ಎಂದು ಮನೆಯವರು ಗೊಣಗಿದರು. ಗೊಣಗಿಕೊಳ್ಳಿ ಎಂದು ಬಿಸಿಲೆ ಘಾಟಿಯ ದಾರಿಯಲ್ಲಿ ಇಳಿದೆ.

ಅವಳ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಬಲೆಯ ಮೇಲೆ ಬಲೆ, ಅದರ ತುಂಬ ಬೆಳ್ಳಗೆ ಮಿನುಗುವ ಮೀನು, ಸುತ್ತ ಕಾಗೆಗಳ ಗಲಾಟೆ, ಕೋಲು ಹಿಡಿದು ಕಾಗೆಗಳನ್ನು ಬೈಯುತ್ತ ಕೂತ ಹೆಂಗಸರು. ನಿಜಕ್ಕೂ ಕಾಲಿಡಲು ಜಾಗವಿರಲಿಲ್ಲ. ಸಭೆಯ ಶಾಮಿಯಾನ ಹಾಕಿದ್ದ ಶಾಲೆಯ ಮೈದಾನ ಅಲ್ಲಿಂದ ಕೂಗಳತೆ ದೂರ. ವೇದಿಕೆಯ ಮೇಲಿದ್ದವರು ಎದ್ದು ನಾಲ್ಕು ಹೆಜ್ಜೆ ನಡೆದಿದ್ದರೆ ಎಲ್ಲ ಕಾಣುತ್ತಿತ್ತು. ಒಬ್ಬರೂ ಏಳಲಿಲ್ಲ.

ಬೋಟಿನವರು ಮಾತಾಡಿದರು, ರಾಜಕೀಯದವರು ಕೂಗಾಡಿದರು. ನನ್ನ ಸರದಿ ಬಂದಾಗ ಮೈಕ್ ಹಿಡಿದೆ. ನಡುವಿನ ಕುರ್ಚಿಯಲ್ಲಿದ್ದ ಅಧಿಕಾರಿ ಕೇಳಿದರು:

“ಯಾವ ಊರಮ್ಮ ನಿಮ್ಮದು?”

“ಕೊಡಗು.”

ಶಾಮಿಯಾನ ಗೊಳ್ಳೆಂದಿತು. “ಅಲ್ಲಿ ಕಡಲಿಲ್ಲವಲ್ಲಮ್ಮ. ನೀವು ಯೋಜನೆಯಿಂದ ಬಾಧಿತರಲ್ಲ” ಎಂದರು.

“ಕಡಲಿಲ್ಲ ಸ್ವಾಮಿ, ಮೀನು ತಿನ್ನೋ ಬಾಯಿ ಇದೆ. ಓ ಅಲ್ಲಿ ಕನ್ನಡಕ ಹಾಕ್ಕೊಂಡು ಕೂತವ್ರಲ್ಲ, ಖಾಲಿ ಅಂತ ಬರೆದವ್ರು, ಅವ್ರೂ ನಮ್ಮನೇಲೇ ತಿಂದವ್ರು. ಈ ಜಾಗದಲ್ಲಿ ಒಣಗಿಸಿದ್ದನ್ನೇ ಮೂರು ಸಲ ಹಾಕಿಸ್ಕೊಂಡ್ರು. ಮಳೇಲಿ ಬಂದ್ರೆ ಇಲ್ಲೇನು ಕಾಣ್ತದೆ, ತಲೆ? ಮಳೇಲಿ ಈ ಹೆಂಗಸರೆಲ್ಲ ನಮ್ಮ ಸಂತೇಲಿರ್ತಾರೆ. ಇವಳೇ ಅವರಿಗೆ ಬಾಯಿಬಿಟ್ಟು ಹೇಳಿದ್ಲು. ನಾನು ಸಾಕ್ಷಿ.”

ಈ ಸಲ ಚಪ್ಪಾಳೆ ಬಿತ್ತು. ಹಿರಿಯರು ತಲೆ ಬಗ್ಗಿಸಿ ಫೋನ್ ನೋಡತೊಡಗಿದರು. ಅವಳೂ ಎದ್ದು ನಿಂತು, ಅತ್ತೆಯ ಕಾಲದಿಂದ ಅಲ್ಲೇ ಒಣಗಿಸುತ್ತಿದ್ದೇವೆ, ಒಂದು ವರ್ಷವೂ ತಪ್ಪಿಲ್ಲ ಎಂದಳು. ಪೂರ್ತಿ ಹೇಳಿಯೇ ಕೂತಳು. ಗಾಳಿಯಂತ್ರ ಬೇಡ ಎಂದು ನಾವಿಬ್ಬರೂ ಹೇಳಲಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಒದ್ದಾಡುವ ನಾನು ಹೇಗೆ ಹೇಳಲಿ? ಕಡಲಲ್ಲಿ ಎಷ್ಟಾದರೂ ನೆಡಿ, ಆ ಸಬ್‌ಸ್ಟೇಷನ್ನನ್ನು ಸ್ವಲ್ಪ ಸರಿಸಿ ಎಂದೆವು, ಅಷ್ಟೇ. ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡರು. ಎಲ್ಲವನ್ನೂ ದಾಖಲಿಸಿಕೊಳ್ಳುತ್ತೇವೆ, ಬರವಣಿಗೆಯಲ್ಲೂ ಕೊಡಿ ಎಂದರು. ಕೊಟ್ಟೆವು. ನಾನು ಸಹಿ ಹಾಕಿದೆ, ಅವಳೂ ಹಾಕಿದಳು. ಗೆದ್ದೆವು ಎಂದುಕೊಂಡು ಅಂಗಡಿಯಲ್ಲಿ ಗೋಲಿ ಸೋಡಾ ಕುಡಿದೆವು. ಅವಳ ಮನೆಯಲ್ಲಿ ಉಂಡು, ಮಾರನೆಯ ದಿನ ಹಾಡಿಕೊಂಡು ಘಟ್ಟ ಹತ್ತಿದೆ.

ಜೂನ್‌ನಲ್ಲಿ ಎಂದಿನಂತೆ ಅವಳು ಬಂದಳು. ಆ ಮಳೆಗಾಲ ನಾವಿಬ್ಬರೂ ಬಹಳ ಖುಷಿಯಲ್ಲಿದ್ದೆವು. ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಅವಳು ನನ್ನ ಭಾಷಣ ಒಪ್ಪಿಸುತ್ತಿದ್ದಳು, ನಾನು ಆಡದ ಮಾತುಗಳನ್ನೂ ಸೇರಿಸಿ. ನೂಲ ಹುಣ್ಣಿಮೆಗೆ ಅವರಲ್ಲಿ ಸಮುದ್ರ ಪೂಜೆ ಇರುತ್ತದೆ, ಅದಕ್ಕೆಂದು ಇಳಿದು ಹೋದಳು. ಮರುದಿನ ಫೋನ್ ಮಾಡಿದವಳು ಮೊದಲು ಅತ್ತಳು, ಮಾತು ಆಮೇಲೆ ಬಂತು.

ಜಾಗಕ್ಕೆ ಬೇಲಿ ಬಿದ್ದಿತ್ತು. ಆಷಾಢದ ಮಳೆಯಲ್ಲಿ, ಊರಿನ ಹೆಂಗಸರೆಲ್ಲ ಘಟ್ಟದ ಮೇಲಿದ್ದಾಗ, ಒಂದು ತೆಂಗಿನ ಮರಕ್ಕೆ ನೋಟಿಸು ಅಂಟಿಸಿ ಹೋಗಿದ್ದರು. ತಕರಾರಿದ್ದರೆ ಇಷ್ಟು ದಿನದೊಳಗೆ ಸಲ್ಲಿಸಿ ಎಂದಿತ್ತಂತೆ. ಅದನ್ನು ಮಳೆಯೇ ಓದಿ ಹರಿದು ಹಾಕಿತ್ತು. ಸೊಸೆ ಕಚೇರಿಗೆ ಹೋಗಿ ಕೇಳಿದರೆ ಅವಧಿ ಮುಗಿದಿದೆ ಎಂದರು. ಬೇಲಿ ಹಾಕಿದ ಕಾರಣವನ್ನೂ ತೋರಿಸಿದರು. ಜಾಗ ಖಾಲಿ ಎಂಬ ಮಾತನ್ನು ವರದಿಯಲ್ಲಿ ತಿದ್ದಿದ್ದಾರೆ. ಸಭೆಯಲ್ಲಿ ಬಂದ ಹೇಳಿಕೆಗಳನ್ನು ಪೂರ್ತಿ ಒಪ್ಪಿಕೊಂಡಿದ್ದಾರೆ. ಈ ಹೆಂಗಸರು ತಲೆಮಾರುಗಳಿಂದ ಯಾವ ಪರವಾನಗಿಯೂ ಇಲ್ಲದೆ ಸರ್ಕಾರಿ ಜಾಗವನ್ನು ಬಳಸುತ್ತಿರುವುದು ಅವರದೇ ಹೇಳಿಕೆಯಿಂದ, ಹಾಗೂ ಕೊಡಗಿನ ಒಬ್ಬರ ಸಾಕ್ಷಿಯಿಂದ ರುಜುವಾತಾಗಿದೆ. ಆದ್ದರಿಂದ ಇದು ಋತುಮಾನದ ಅತಿಕ್ರಮಣ. ತೆರವುಗೊಳಿಸಿ ಯೋಜನೆಯನ್ನು ಮುಂದುವರಿಸಬಹುದು.

ನಾವು ಬಾಯಿ ತೆರೆಯುವವರೆಗೆ ಅವಳು ಅಲ್ಲಿ ಇರಲೇ ಇಲ್ಲ. ತೆರೆದ ಮೇಲೆ ಕಳ್ಳಿಯಾದಳು. ಇದಕ್ಕೆ ಪರಿಶೀಲನೆ ಎಂದು ಹೆಸರು.

ಹಿರಿಯರ ಕಾರ್ಡು ಹುಡುಕಿ ಫೋನ್ ಮಾಡಿದೆ. ನನ್ನ ನೆನಪಿತ್ತು ಅವರಿಗೆ. ಚಟ್ನಿಯ ನೆನಪೂ ಇತ್ತು. “ನೋಡಿ ಮೇಡಂ, ನಾವು ಖಾಲಿ ಅಂತಲೇ ಬರೆದಿದ್ವಿ. ಅದು ಹಾಗೇ ಇದ್ದಿದ್ರೆ ಯಾರ ಮೇಲೂ ಅತಿಕ್ರಮಣದ ಮಾತು ಬರ್ತಿರಲಿಲ್ಲ. ನೀವೇ ಬಂದು ದಾಖಲೆ ಮಾಡಿಸಿದ್ರಿ” ಎಂದರು. ಕೋಪದಿಂದ ಹೇಳಲಿಲ್ಲ. ಮಗುವಿಗೆ ಪಾಠ ಹೇಳುವವರ ಹಾಗೆ ಮೆತ್ತಗೆ ಹೇಳಿದರು.

“ಖಾಲಿ ಅಂತಲೇ ಇದ್ದಿದ್ರೆ ಬೇಲಿ ಹಾಕ್ತಿರ್ಲಿಲ್ವಾ?”

“ಬೇಲಿ ಹೇಗಿದ್ರೂ ಬರ್ತಿತ್ತು ಮೇಡಂ.”

ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಬೈದೆ. ಇಲ್ಲಿ ಬರೆಯುವಂಥದ್ದಲ್ಲ. ಅವರು ಎಲ್ಲಿಯವರೆಗೆ ಕೇಳಿ ಫೋನ್ ಇಟ್ಟರೋ ಗೊತ್ತಿಲ್ಲ. ನಾನು ಮಾತ್ರ ಉಸಿರು ಕಟ್ಟುವವರೆಗೆ ಬೈದೆ. ಅವಳಾದರೂ ನನ್ನನ್ನು ಬೈಯಬೇಕಿತ್ತು. ಸಾಕ್ಷಿ ಹೇಳು ಎಂದು ನಿನ್ನನ್ನು ಕರೆದವರ್‍ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ. “ನೀವು ಸುಳ್ಳು ಹೇಳ್ಲಿಲ್ಲ ಅಲ್ವಾ ಅಕ್ಕ” ಎಂದಳು.

ಈ ಹೊತ್ತಿಗೂ ಆ ಕಡಲಲ್ಲಿ ಒಂದು ಗಾಳಿಯಂತ್ರ ನಿಂತಿಲ್ಲ. ಇನ್ನೂ ಬೇರೆ ಬೇರೆ ಅನುಮತಿಗಳು ಬರಬೇಕಂತೆ, ವರ್ಷಗಳೇ ಹಿಡಿಯಬಹುದಂತೆ. ಬೇಲಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಡಿಸೆಂಬರ್ ಕೊನೆಗೆ ಮತ್ತೆ ಅವಳ ಫೋನ್. “ಅಕ್ಕ, ಪಿಕಿಂಗಿಗೆ ಜನ ಬೇಕಾ?”

“ಬೇಕು. ಯಾರಿದಾರೆ ಹೇಳು.”

“ನಾನೇ.”

“ಬಾ” ಎಂದೆ.

ಬಂದಳು. ಮೀನಿನ ಚೀಲಗಳಿಲ್ಲದೆ, ಬಟ್ಟೆಯ ಒಂದು ಗಂಟಿನೊಂದಿಗೆ. ಹಿತ್ತಿಲ ಕೋಣೆಗೆ ಹೋಗು ಎಂದರೆ ಒಪ್ಪಲಿಲ್ಲ. ಕೆಲಸಕ್ಕೆ ಬಂದವಳು ಕೆಲಸದವರ ಜೊತೆಯೇ ಇರುತ್ತೇನೆ ಎಂದು ಲೈನಿನ ಮನೆಗೆ ನಡೆದಳು. ಗಿಡದಿಂದ ಹಣ್ಣು ಬಿಡಿಸುವುದು ಅವಳ ಕೈಗೆ ಹತ್ತಲಿಲ್ಲ. ಎಲೆ, ಕಾಯಿ, ರೆಂಬೆ ಎಲ್ಲ ಒಟ್ಟಿಗೆ ಬರುತ್ತಿತ್ತು. ಲೆಕ್ಕ ಬರೆಯುವ ರೈಟರ್ ಎಲ್ಲರೆದುರು ರೇಗಿದ. ಅವನಿಗೆ ನಾಲ್ಕು ಮಾತು ಹೇಳಿ, ಅವಳನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದೆ. ಅಲ್ಲಿ ಯಾರೂ ಅವಳಿಗೆ ಏನನ್ನೂ ಕಲಿಸಬೇಕಾಗಲಿಲ್ಲ. ಹಲಗೆ ಹಿಡಿದು ಕಾಫಿ ಹಣ್ಣನ್ನು ಎಳೆದು ಹರಡತೊಡಗಿದಳು.

ಮಧ್ಯಾಹ್ನ ಕಾಫಿ ತೆಗೆದುಕೊಂಡು ಹೋದೆ. ಇಷ್ಟು ವರ್ಷ ಬಂದು ಹೋದವಳು ನಮ್ಮೂರನ್ನು ಮಳೆಯಿಲ್ಲದೆ ನೋಡಿದ್ದು ಇದೇ ಮೊದಲು ಎಂದು ಆಗ ಹೊಳೆಯಿತು. “ಹೆಂಗಿದ್ಯೆ ನಮ್ಮೂರು?” ಎಂದು ಕೇಳಿದೆ.

ಅವಳು ಹಲಗೆ ಊರಿ ನಿಂತು, ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

“ಒಳ್ಳೆ ಬಿಸಿಲು ಅಕ್ಕ. ಈ ಬಿಸಿಲಿಗೆ ಕೊಲ್ಲತರು ಸಂಜೆಯೊಳಗೆ ಒಣಗ್ತಿತ್ತು” ಎಂದಳು. ಲೋಟ ತೆಗೆದುಕೊಂಡು, ಕುಡಿಯದೆ, ಕಣದ ಅಂಚಿನಲ್ಲಿಟ್ಟಳು. “ಅಲ್ಲಿಯೂ ಹೀಗೇ ಬಿಸಿಲು ಬಿದ್ದಿರ್ತದೆ ಈಗ. ಬೇಲಿ ಒಳಗೆ.”