ಹಳದಿ ಬಾವುಟದ ಗೈಡ್

ಕೊರೋನಾ ಕಾಲದಲ್ಲಿ ಜಪಾನಿನ ಇಚಿಕಾವಾದಲ್ಲಿ ಮನೆ ಹತ್ತಿರದ ಕೊಂಬಿನಿ ಅಂಗಡಿಗೆ ಹೋಗಲೂ ಹೆದರುತ್ತಿದ್ದ ನಾನು, ಬೊಲಿವಿಯಾದ ಲಾ ಪಾಸ್ ನಗರವನ್ನು ಆನ್‌ಲೈನಿನಲ್ಲಿ ಸುತ್ತುತ್ತಿದ್ದೆ. ಅಲ್ಲೇ ನೆಲೆಸಿದ್ದ ಜಪಾನಿ ಗೈಡ್ ಒಬ್ಬರು ಫೋನ್ ಹಿಡಿದು ನಡೆಯುತ್ತಿದ್ದರು. ನಾವು ಸಹಪ್ರಯಾಣಿಕರು ಪರದೆಯ ಚೌಕಗಳಲ್ಲಿ ಕೂತಿರುತ್ತಿದ್ದೆವು. ಆದರೂ ಆಕೆ ಪ್ರತಿ ತಿರುವಿನಲ್ಲೂ ಹಳದಿ ಬಾವುಟ ಎತ್ತಿ, "ಎಲ್ಲರೂ ಬಂದ್ರಾ?" ಎಂದು ಕೇಳುತ್ತಿದ್ದರು.

ಒಂದು ದಿನ ಕಡಿದಾದ ಮೆಟ್ಟಿಲುಗಳ ಮೇಲೆ ಅವರಿಗೆ ಕೆಮ್ಮು ಹತ್ತಿತು. ನಾನು ನನ್ನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡೆ.

"ರೀ, ಮೆಟ್ಟಿಲು ಹತ್ತುತ್ತಿರೋದು ಅವರು!" ಎಂದಳು ಹೆಂಡತಿ.

ಅಷ್ಟರಲ್ಲಿ ಗೈಡ್ ಕೈಯಿಂದ ಫೋನ್ ಜಾರಿ ಉರುಳಿತು. ಪರದೆಯಲ್ಲಿ ಬರೀ ಆಕಾಶ ಕಾಣಿಸಿತು, ಏದುಸಿರು ಕೇಳಿಸಿತು. ಆಮೇಲೆ ಅದೂ ನಿಂತಿತು. ನಡುವೆ ಬಾಯಿ ಹಾಕಬಾರದೆಂಬ ಮರ್ಯಾದೆಗೆ ಎಲ್ಲರೂ ಮ್ಯೂಟ್ ಆಗಿಯೇ ಇದ್ದರು. ತಡೆಯಲಾರದೆ ನಾನು ಕೂಗಿದೆ: "ಸುಮಿಮಾಸೆನ್, ಕ್ಷಮಿಸಿ! ಇದ್ದೀರಾ?"

ಆಕಾಶಕ್ಕೆ ಅಡ್ಡವಾಗಿ ಹಳದಿ ಬಾವುಟ ಮೆಲ್ಲಗೆ ಮೇಲೆದ್ದಿತು.

"ಸುಮಿಮಾಸೆನ್... ಎಲ್ಲರೂ ಬಂದ್ರಾ?"

ಸೋಫಾದ ಮೇಲಿದ್ದ ನಾನು ಆಕ್ಸಿಮೀಟರ್ ಸಿಕ್ಕಿಸಿದ್ದ ಕೈಯನ್ನೇ ಎತ್ತಿದೆ.