ಗೌರಜ್ಜಿಯ ಕೈಯಲ್ಲಿದ್ದ ಕಬ್ಬಿಣದ ಸರಳು

“ಅಜ್ಜೀ, ಬ್ಯಾಡ್ರಿ! ಆ ಸರಳು ಕೆಳಗಿಡ್ರಿ!” ಎಂದು ಕೇಬಲ್‌ನವರು ನಮ್ಮ ತಾರಸಿಯಿಂದ ಕೂಗಿದಾಗ ನಾನೂ ತಾರಸಿಯ ಅಂಚಿಗೆ ಓಡಿದೆ. ನಿಧಾನವಾಗಿದ್ದ ಹಳೆಯ ಬ್ರಾಡ್‌ಬ್ಯಾಂಡ್ ಬಿಡಿಸಿ ಕೇಬಲ್ ಇಂಟರ್ನೆಟ್ ಹಾಕಿಸೋಣವೆಂದು ದಾವಣಗೆರೆ ಮಂಡಿಪೇಟೆಯ ನಮ್ಮ ಮನೆಗೆ ಅವರನ್ನು ಕರೆಸಿದ್ದೆ. ಅವರು ಕಲ್ಲು ಕಟ್ಟಿ ಎದುರು ಮನೆಗೆ ಎಸೆದ ಹೊಸ ವೈರು ನಡುವೆ ಕರೆಂಟಿನ ತಂತಿಗೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದುಕೊಡಲು ಆ ಮನೆಯ ಗೌರಜ್ಜಿ ತಮ್ಮ ತಾರಸಿಯಿಂದ ಕಬ್ಬಿಣದ ಸರಳು ಚಾಚಿದ್ದರು. ತಂತಿಗೂ ಸರಳಿಗೂ ಗೇಣು ಅಂತರವಷ್ಟೇ.

ಅಜ್ಜಿ ಸರಳು ಹಿಂದಕ್ಕೆಳೆದುಕೊಂಡು ನನ್ನತ್ತ ನೋಡಿ ನಕ್ಕರು. “ಯಾಕ ಹೆದರ್ತೀಯವ್ವ? ನಿಮ್ಮ ಟಿವಿ ವೈರೂ ನಾನೇ ಹಿಂಗ ಎಳದು ಕೊಟ್ಟಿದ್ದು.”

ಹೊಸ ಸಂಪರ್ಕ ಬೇಡವೆಂದು ಕೇಬಲ್‌ನವರನ್ನು ಕಳಿಸಿಬಿಟ್ಟೆ. ಇಂಟರ್ನೆಟ್ ಈಗಲೂ ನಿಧಾನವೇ. ಆದರೆ ಟಿವಿ ಹಾಕಿದಾಗಲೆಲ್ಲ ಆ ಸರಳು ತಂತಿಯತ್ತ ಚಾಚಿದಂತೆ ಕಂಡು, ಕೂಡಲೇ ಆರಿಸಿಬಿಡುತ್ತೇನೆ.