ಬೆನ್ನು ತಿರುಗಿಸಿ ನಿಲ್ಲುವ ಕೆಲಸ

‘ಇವತ್ತು ಎಲ್ಲಾದರೂ ತಿರುಗಿ ನೋಡಿಬಿಟ್ಟರೆ?’

1986ರ ಅಕ್ಟೋಬರ್. ಬೆಳಗಿನ ನಾಲ್ಕೂವರೆಗೆ, ಕಿಟಕಿಗಳಿಗೆಲ್ಲ ಪರದೆ ಎಳೆದ ಬಸ್ಸಿನಲ್ಲಿ ಕುಳಿತು ವರ್ಲಾ ಹ್ಯಾಚ್ ತಮ್ಮಷ್ಟಕ್ಕೆ ಕೇಳಿಕೊಳ್ಳುವ ಪ್ರಶ್ನೆ ಇದು. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾದರೂ ಅಳುಕು ಹೋಗಿಲ್ಲ.

ಬೆಳಕು ಹರಿಯುವಾಗ ಅಮೆರಿಕದ ನೆವಾಡದಲ್ಲಿ, ಬತ್ತಿದ ಉಪ್ಪುಕೆರೆಯ ಪಕ್ಕದ ಗುಪ್ತ ಸೇನಾನೆಲೆಯ ರನ್‌ವೇ ಮೇಲೆ ಆರು ಹೆಂಗಸರು ಸಾಲಾಗಿ, ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಕಲ್ಲು, ಮೊಳೆ, ತಂತಿಚೂರು ಹೆಕ್ಕುವುದು ಕೆಲಸ. ಕಡಲೆಗಾತ್ರದ ಕಲ್ಲು ಒಳಗೆ ಹೋದರೂ ಎಂಜಿನ್ ಮುಗಿಯಿತು. ದಿನಕ್ಕೆ ಎಂಟು ಮೈಲಿ ನಡಿಗೆ, ಮುಕ್ಕಾಲು ಬಕೆಟ್ ಕಸ. ಹಳದಿ ದೀಪ ತಿರುಗತೊಡಗಿದರೆ ಅಂಚಿಗೆ ಸರಿದು ರನ್‌ವೇಗೆ ಬೆನ್ನು ಹಾಕಿ ನಿಲ್ಲಬೇಕು. ಹಾದುಹೋಗುವ ವಿಮಾನವನ್ನು ನೋಡಿದವರಿಗೆ ಮಾರನೆಯ ದಿನ ಬಸ್ಸಿಲ್ಲ.

“ಆ ವಿಮಾನಕ್ಕೆ ದಾರಿ ಗುಡಿಸಿದ್ದೇ ಗುಡಿಸಿದ್ದು. ಮೂತಿ ಹೇಗಿದೆ ಅಂತ ಮಾತ್ರ ಗೊತ್ತಿಲ್ಲ!” ಈಗ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಬಾಯಿ ತೆರೆಯಲು ಅನುಮತಿ ಸಿಕ್ಕ ಮೇಲೆ ವರ್ಲಾ ನಗುತ್ತಾರೆ. ಗಣಿಯ ದೂಳು ಕುಡಿದ ಗಂಡ ಎಲ್ಡನ್ ಕೆಮ್ಮುತ್ತ ಮನೆ ಸೇರಿದ್ದರಿಂದ ಆಗ ಸಂಸಾರ ನಡೆಯುತ್ತಿದ್ದುದು ಇದೊಂದು ಸಂಬಳದಿಂದಲೇ. ಅವರಿಗೂ ನಿಜ ಹೇಳುವಂತಿರಲಿಲ್ಲ. “ಪಾತ್ರೆ ತೊಳೀತೀನಿ ಅಂದಿದ್ದೆ. ಹಾಗಾದ್ರೆ ಕೈ ಯಾಕೆ ಹಿಂಗೆ ಒಡೆದಿದೆ ಅಂತ, ಪಾಪ, ಒಂದಿನಾನೂ ಕೇಳ್ಲಿಲ್ಲ.”

ಆ ಬೆಳಗ್ಗೆ ದೀಪ ತಿರುಗುತ್ತಿದೆ. ಪಕ್ಕದ ಡೆಲ್ಫೀನಾ ಗೊಣಗುತ್ತಾಳೆ: “ಆ ಪೈಲಟ್‌ಗೆ ನಮ್ಮ ಬೆನ್ನಷ್ಟೇ ಪರಿಚಯ ಕಣೇ.”

“ನಿನ್ ಮುಖ ಕಂಡ್ರೆ ಅವನು ಕೆಳಗಿಳಿಯೋದೇ ಇಲ್ಲ ಬಿಡು.”

ವಿಮಾನ ನೆಲ ಮುಟ್ಟಿ ಉರುಳುವಾಗ ಗದ್ದಲದ ನಡುವೆ ಏನೋ ‘ಟಿಣ್’ ಎನ್ನುತ್ತದೆ. ಹನ್ನೊಂದು ವರ್ಷ ಕಸ ಹೆಕ್ಕಿದವರ ಕಿವಿ. ವರ್ಲಾ ಕೊರಳು ತಾನಾಗಿ ತಿರುಗುತ್ತದೆ. ಕಪ್ಪು ರೆಕ್ಕೆ, ಅದರಿಂದ ಕಳಚಿ ಕಾಂಕ್ರೀಟಿನ ಮೇಲೆ ಪುಟಿಯುತ್ತಿರುವ ಹೆಬ್ಬೆರಳುದ್ದದ ಬೋಲ್ಟು.

ದೀಪ ಆರಿದ ಮೇಲೆ ಅದನ್ನು ಹೆಕ್ಕಿ ಮೇಲ್ವಿಚಾರಕ ಗ್ರೇಡಿಗೆ ಕೊಡುತ್ತಾರೆ. “ಯಾವ್ದೋ ಟ್ರಕ್ಕಿಂದು,” ಎಂದು ಆತ ಕಸದ ಡಬ್ಬಿಗೆ ಹಾಕುತ್ತಾನೆ. ಅರ್ಧ ಗಂಟೆಯಲ್ಲಿ ವಿಮಾನ ಮತ್ತೆ ಏರಲಿದೆ.

ವರ್ಲಾ ಮುಖ ನೋಡಿಯೇ ಡೆಲ್ಫೀನಾಗೆ ತಿಳಿದುಹೋಗಿದೆ. ತೋಳು ಹಿಡಿದು ಎಳೆಯುತ್ತಾಳೆ. “ಸುಮ್ನಿರೇ. ಎಲ್ಡನ್ ಔಷಧಿಗೆ ಏನ್ ಮಾಡ್ತೀಯ?”

ನಾಲ್ಕು ಹೆಜ್ಜೆ ಅವಳೊಂದಿಗೆ ನಡೆದ ವರ್ಲಾ ನಿಲ್ಲುತ್ತಾರೆ. ವಾಪಸು ಬಂದು ಡಬ್ಬಿಗೆ ಕೈ ಹಾಕಿ ಬೋಲ್ಟನ್ನು ಹೊರತೆಗೆಯುತ್ತಾರೆ.

“ಇದು ಟ್ರಕ್ಕಿಂದಲ್ಲ, ಸಾರ್. ಎಡಗಡೆ ರೆಕ್ಕೆಯಿಂದ ಬಿತ್ತು. ನಾನು ತಿರುಗಿ ನೋಡಿದೆ.”